ಪಿಟ್‌ಲೇನ್‌ನಿಂದ ಹೊರಟ ಹುಡುಗ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ದಾವಣಗೆರೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಸ್ಪೇನಿನ ಬೈಕ್ ರೇಸರ್ ಪೆಡ್ರೊ ಅಕೋಸ್ಟಾ ಬಗ್ಗೆ ನಾವು ಬರೆದದ್ದು ಅವರಿಗೆ ಅಷ್ಟಾಗಿ ಹಿಡಿಸಿಲ್ಲ. "ಹದಿನಾರರ ಹುಡುಗ ಎಲ್ಲರಿಗಿಂತ ಹಿಂದೆ ಹೊರಟು ಗೆದ್ದ ಅಂತೀರಿ. ಇದೇನು ಸಿನಿಮಾನಾ? ಚಾಂಪಿಯನ್ ಆದದ್ದೂ ಎದುರಾಳಿ ಬಿದ್ದಿದ್ದಕ್ಕೆ ತಾನೇ?" ಎಂಬುದು ಅವರ ತಕರಾರು. ಜೊತೆಗೆ, ಹನ್ನೊಂದು ವರ್ಷದ ಮಗನಿಗೆ ರೇಸಿನ ಹುಚ್ಚು ಹತ್ತಿದೆ, ಏನು ಮಾಡಲಿ ಎಂದೂ ಕೇಳಿದ್ದಾರೆ. ಅಕೋಸ್ಟಾನ ಬೈಕಿನ ನಂಬರ್ ಯಾಕೆ ಪದೇ ಪದೇ ಬದಲಾಗುತ್ತದೆ ಎನ್ನುವುದು ಕೊನೆಯ ಪ್ರಶ್ನೆ.

ಸ್ವಾಮಿ, ಮೊದಲು ಆ 'ಸಿನಿಮಾ' ರೇಸಿನ ವಿಷಯ. 2021ರ ಏಪ್ರಿಲ್ 4, ಕತಾರಿನ ಲುಸೈಲ್ ಟ್ರ್ಯಾಕ್. ಅಕೋಸ್ಟಾಗೆ ಅದು ಮೋಟೊ3ಯಲ್ಲಿ (ಗ್ರಾಂಪ್ರಿ ಎನ್ನುವ ವಿಶ್ವ ಮಟ್ಟದ ಬೈಕ್ ರೇಸುಗಳ ಮೂರು ಕ್ಲಾಸುಗಳಲ್ಲಿ ಕೆಳಗಿನದು) ಎರಡನೇ ರೇಸ್ ಅಷ್ಟೇ. ಒಂದು ವಾರದ ಹಿಂದೆ ಅದೇ ಟ್ರ್ಯಾಕಿನಲ್ಲಿ ಮೊದಲ ರೇಸಿಗೇ ಎರಡನೇ ಸ್ಥಾನಕ್ಕೆ ಬಂದಿದ್ದ. ಈ ಸಲ ಪ್ರಾಕ್ಟೀಸಿನಲ್ಲಿ ಬೇಕೆಂದೇ ನಿಧಾನ ಓಡಿಸಿದರು ಅಂತ ಅವನೂ ಸೇರಿ ಏಳು ಜನಕ್ಕೆ ಶಿಕ್ಷೆ ಬಿತ್ತು. ಗ್ರಿಡ್‌ನಲ್ಲಿ, ಅಂದರೆ ಹೊರಡುವ ಗೆರೆಯ ಸಾಲುಗಳಲ್ಲಿ, ಇದ್ದವರೆಲ್ಲ ಹೋದ ಮೇಲೆ ಇವರು ಪಿಟ್‌ಲೇನ್‌ನಿಂದ (ಟ್ರ್ಯಾಕಿನ ಪಕ್ಕದ, ಬೈಕ್ ರಿಪೇರಿ ನಡೆಯುವ ಓಣಿ) ಹೊರಡಬೇಕು.

ನಿಧಾನ ಯಾಕೆ ಓಡಿಸಿದರು ಗೊತ್ತೇ? ಮುಂದೆ ಹೋಗುವವನ ಗಾಳಿಮರೆ ಸಿಗಲಿ ಅಂತ. ಮೋಟೊ3 ಬೈಕು 250 ಸಿಸಿಯ ಒಂಟಿ ಸಿಲಿಂಡರಿನದು, ಎಂಜಿನ್ ಬಲ ಕಡಿಮೆ. ಲಾರಿ ಹಿಂದೆ ಸೈಕಲ್ ಬಿಟ್ಟವರಿಗೆ ಈ ಮರೆಯ ಸುಖ ಗೊತ್ತು. ಲುಸೈಲ್‌ನ ಮುಖ್ಯ ನೇರ ದಾರಿ ಒಂದು ಕಿಲೋಮೀಟರಿಗೂ ಜಾಸ್ತಿ. ಗಲ್ಲವನ್ನು ಟ್ಯಾಂಕಿಗೆ ಒತ್ತಿ, ಮೊಣಕೈ ಒಳಗೆಳೆದುಕೊಂಡು, ಮುಂದಿನವನ ಹಿಂದಿನ ಚಕ್ರದ ಬೆನ್ನಿಗೇ ಅಂಟಿಕೊಂಡರೆ ವೇಗ ತಾನಾಗಿ ಏರುತ್ತದೆ. ಬ್ರೇಕ್ ಹಿಡಿಯುವ ಜಾಗ ಹತ್ತಿರವಾದಾಗ ಪಕ್ಕಕ್ಕೆ ಸರಿದರೆ ಓವರ್‌ಟೇಕ್. ಶಿಕ್ಷೆಗೆ ಗುರಿಯಾದ ಏಳು ಜನ ಒಟ್ಟಿಗೇ ಹೊರಟರಲ್ಲ, ಒಬ್ಬರಿಗೊಬ್ಬರು ಮರೆ ಕೊಡುತ್ತಾ ಮುಂದಿನ ಗುಂಪನ್ನು ಹಿಡಿದೇಬಿಟ್ಟರು. ಯಾವ ಆಸೆಗೆ ಶಿಕ್ಷೆ ಬಿತ್ತೋ ಅದೇ ಅವರ ಕೈ ಹಿಡಿಯಿತು!

ಅಲ್ಲಿಯವರೆಗಿನದು ಗುಂಪಿನ ಕೆಲಸ. ಕೊನೆಯ ಲ್ಯಾಪ್ ಮಾತ್ರ ಅಕೋಸ್ಟಾನದೇ. ಮುಂದೆ ಇದ್ದವನನ್ನು ಹಿಂದಿನವರು ಗೆರೆ ಹತ್ತಿರ ನುಂಗಿಹಾಕುವುದು ಈ ಕ್ಲಾಸಿನಲ್ಲಿ ಮಾಮೂಲು. ಅವನು ಹಿಂದೆಯೇ ಇದ್ದ ಡ್ಯಾರಿನ್ ಬಿಂಡರ್‌ಗೆ ಆ ಅವಕಾಶ ಕೊಡಲಿಲ್ಲ. ಅಂತರ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಇದು ಪವಾಡ ಅಲ್ಲ ಅಂತ ನಾನೂ ಒಪ್ಪುತ್ತೇನೆ. ಆದರೆ ಸುಮ್ನೆ ಸಿಕ್ಕ ಗೆಲುವೂ ಅಲ್ಲ. ಅದಾದ ಮೇಲೆ ಪೋರ್ಚುಗಲ್‌ನ ಪೋರ್ಟಿಮಾವ್ ಗೆದ್ದ, ಸ್ಪೇನಿನ ಹೆರೆಸ್ ಗೆದ್ದ.

ಇನ್ನು ಅದೃಷ್ಟದ ಮಾತು. ಆ ವರ್ಷದ ಮೋಟೊ3 ಪಟ್ಟ ತೀರ್ಮಾನವಾದ ನವೆಂಬರ್ 7ರಂದು ಮತ್ತೆ ಪೋರ್ಟಿಮಾವ್‌ನಲ್ಲಿ ಕೊನೆಯ ಲ್ಯಾಪ್. ಬಿಂಡರ್ ತಗುಲಿ, ಪಟ್ಟಕ್ಕೆ ಪೈಪೋಟಿಯಲ್ಲಿದ್ದ ಡೆನ್ನಿಸ್ ಫೊಜ್ಜಾ ಬಿದ್ದದ್ದು ನಿಜ. ಆದರೆ ಲೆಕ್ಕ ಹಾಕಿ ನೋಡಿ. ಆ ರೇಸಿಗೆ ಮೊದಲೇ ಅಕೋಸ್ಟಾ 21 ಪಾಯಿಂಟ್ ಮುಂದಿದ್ದ. ಗೆದ್ದವನಿಗೆ 25, ಎರಡನೆಯವನಿಗೆ 20. ಫೊಜ್ಜಾ ಬೀಳದೆ ಇವನ ಹಿಂದೆಯೇ ಬಂದಿದ್ದರೂ ಅಂತರ 26 ಆಗುತ್ತಿತ್ತು. ಉಳಿದದ್ದು ಒಂದೇ ರೇಸು, 25 ಪಾಯಿಂಟು. ಅಕೋಸ್ಟಾ ರೇಸ್ ಗೆದ್ದ ಮೇಲೆ ಎದುರಾಳಿ ಬಿದ್ದರೇನು, ಎದ್ದರೇನು?

ಅದೃಷ್ಟ ಕೈಕೊಟ್ಟದ್ದು ಬೇರೆ ಕಡೆ. ಗ್ರಾಂಪ್ರಿಯಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿನ ವಿಶ್ವ ಚಾಂಪಿಯನ್ ಇಟಲಿಯ ಲೊರಿಸ್ ಕಾಪಿರೊಸ್ಸಿ. 1990ರಲ್ಲಿ ಗೆದ್ದಾಗ ಅವನಿಗೆ 17 ವರ್ಷ 165 ದಿನ. ಅಕೋಸ್ಟಾಗೆ 17 ವರ್ಷ 166 ದಿನ. ಒಂದೇ ಒಂದು ದಿನ ಸ್ವಾಮಿ! ಅಕ್ಟೋಬರಿನಲ್ಲಿ ಇಟಲಿಯ ಮಿಸಾನೊ ರೇಸಿನಲ್ಲೇ ಪಟ್ಟ ಮುಗಿಸಿಕೊಂಡಿದ್ದರೆ ದಾಖಲೆ ಅವನದಾಗುತ್ತಿತ್ತು. ಅಲ್ಲಿ ಫೊಜ್ಜಾ ಗೆದ್ದ, ಇವನು ಮೂರನೆಯವನಾದ.

ನನ್ನನ್ನು ಕೇಳಿದರೆ ಅಕೋಸ್ಟಾನ ಅಳತೆ ಸಿಗುವುದು ಇದರಲ್ಲಿ ಯಾವುದರಲ್ಲೂ ಅಲ್ಲ, 2022ರಲ್ಲಿ. ಮೇಲಿನ ಕ್ಲಾಸಾದ ಮೋಟೊ2ಗೆ ಏರಿದ. ಅಲ್ಲಿ 765 ಸಿಸಿಯ ಮೂರು ಸಿಲಿಂಡರಿನ ಟ್ರಯಂಫ್ ಎಂಜಿನ್, ಎಲ್ಲರಿಗೂ ಅದೇ. ಗಾಳಿಮರೆಯಲ್ಲಿ ಆಟ ಆಡಿ ಗೆಲ್ಲುವಂಥ ಕ್ಲಾಸ್ ಅಲ್ಲ. ಮೊದಲ ತಿಂಗಳುಗಳಲ್ಲಿ ಹುಡುಗ ತಿಣುಕಾಡಿದ. ಲೆ ಮಾನ್ಸ್‌ನಲ್ಲಿ ಪೋಲ್ (ಎಲ್ಲರಿಗಿಂತ ಮುಂದೆ ಹೊರಡುವ ಜಾಗ) ಹಿಡಿದು, ರೇಸಿನಲ್ಲೂ ಮುಂದಿದ್ದು, ಬಿದ್ದ. ಮುಂದಿನ ರೇಸು ಇಟಲಿಯ ಮುಜೆಲ್ಲೊ. ಹದಿನೆಂಟು ತುಂಬಿ ನಾಲ್ಕೇ ದಿನ ಆಗಿತ್ತು, ಅಲ್ಲಿ ಗೆದ್ದ. ಆ ಖುಷಿ ಆರುವ ಮೊದಲೇ, ಜೂನ್‌ನಲ್ಲಿ, ತರಬೇತಿ ವೇಳೆ ಬಿದ್ದು ತೊಡೆಯ ಮೂಳೆ ಮುರಿಯಿತು. ಆದರೂ ಅದೇ ವರ್ಷ ವಾಪಸ್ ಬಂದು ಅರಗಾನ್ ಮತ್ತು ವೆಲೆನ್ಸಿಯಾ ಗೆದ್ದ. ಮರುವರ್ಷ ಏಳು ಗೆಲುವು, ಮೋಟೊ2 ಪಟ್ಟ. ಅದರಲ್ಲಿ ಒಂದು ನಮ್ಮ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲೇ, ಸೆಪ್ಟೆಂಬರ್ 24ರಂದು. 2024ರಲ್ಲಿ ಎಲ್ಲಕ್ಕಿಂತ ಮೇಲಿನ ಕ್ಲಾಸಾದ ಮೋಟೊಜಿಪಿಗೆ ಬಂದ, ಎರಡನೇ ವಾರಾಂತ್ಯಕ್ಕೇ ಮೊದಲ ಮೂವರು ನಿಲ್ಲುವ ಪೋಡಿಯಂ ಹತ್ತಿದ.

ಈಗ ನಿಮ್ಮ ಮಗನ ವಿಷಯ. ಅಕೋಸ್ಟಾ ಸಿರಿವಂತರ ಮನೆಯವನಲ್ಲ. ಮುರ್ಸಿಯಾ ಕಡಲತೀರದ ಮಸರೋನ್‌ನವನು, ಅಪ್ಪ ಮೀನುಗಾರ. ರೇಸಿಂಗ್ ಎಂದರೆ ದುಡ್ಡು ನೀರಿನಂತೆ ಖರ್ಚಾಗುವ ಬಾಬತ್ತು. ಅವನಿಗೆ ದಾರಿಯಾದದ್ದು ರೆಡ್ ಬುಲ್ ರೂಕೀಸ್ ಕಪ್. ಆಯ್ಕೆ ಮಾಡಿದ ಹುಡುಗರಿಗೆ ಬೈಕನ್ನು ಅವರೇ ಕೊಡುತ್ತಾರೆ, ಎಲ್ಲರಿಗೂ ಒಂದೇ ಬಗೆಯ ಕೆಟಿಎಂ. 2019ರಲ್ಲಿ ಎರಡನೆಯವನಾದ. 2020ರಲ್ಲಿ ಮೊದಲ ಆರೂ ರೇಸ್ ಗೆದ್ದು ಚಾಂಪಿಯನ್ ಆದ. ಹೆರೆಸ್, ಬಾರ್ಸಿಲೋನಾ, ಅರಗಾನ್, ವೆಲೆನ್ಸಿಯಾ ಎಂದು ಗ್ರಾಂಪ್ರಿ ನಡೆಯುವ ಟ್ರ್ಯಾಕ್‌ಗಳೇ ನಾಲ್ಕಿದ್ದ ದೇಶ ಅದು. ದಾವಣಗೆರೆಯಿಂದ ನೀವು ಚೆನ್ನೈಗೋ ಕೊಯಮತ್ತೂರಿಗೋ ಹೋಗಬೇಕು. ಖರ್ಚನ್ನು ಮೊದಲೇ ಕೂತು ಲೆಕ್ಕ ಹಾಕಿ.

ಅವಸರ ಮಾತ್ರ ಬೇಡ. ಅಕೋಸ್ಟಾ ಗೆದ್ದ ಅದೇ 2021ರಲ್ಲಿ ಮುಜೆಲ್ಲೊದಲ್ಲಿ 19 ವರ್ಷದ ರೇಸರ್ ಜೇಸನ್ ಡುಪಾಸ್ಕಿಯೆ ಬೈಕಿನಿಂದ ಬಿದ್ದು ತೀರಿಕೊಂಡ. ಕಿರಿಯರ ರೇಸ್‌ಗಳಲ್ಲಿ 14ರ ಹ್ಯೂಗೊ ಮಿಯಾನ್, 15ರ ಡೀನ್ ಬೆರ್ತಾ ವಿನ್ಯಾಲೆಸ್ ಹೋದರು. ಆಮೇಲೆಯೇ ಗ್ರಾಂಪ್ರಿಗೆ ಕನಿಷ್ಠ ವಯಸ್ಸನ್ನು 2023ರಿಂದ 18ಕ್ಕೆ ಏರಿಸಿದ್ದು. ನಿಮ್ಮ ಮಗನಿಗೆ ಇನ್ನೂ ಏಳು ವರ್ಷ ಇದೆ. ಈಗ ಗೋ-ಕಾರ್ಟ್‌ನಿಂದಲೋ ಮಣ್ಣಿನ ಟ್ರ್ಯಾಕಿನ ಪುಟ್ಟ ಬೈಕಿನಿಂದಲೋ ಶುರು ಮಾಡಿಸಿ, ಒಳ್ಳೆಯ ಕೋಚ್ ಎದುರಿನಲ್ಲೇ. ಹೆಲ್ಮೆಟ್ ಅವನ ತಲೆಯ ಅಳತೆಯದೇ ಇರಲಿ, 'ಬೆಳೀತಾನಲ್ಲ' ಅಂತ ದೊಡ್ಡದು ತರಬೇಡಿ. ಮನೆಯ ಸ್ಕೂಟರನ್ನು ರಸ್ತೆಗೆ ಕೊಡುವುದಂತೂ ಬೇಡವೇ ಬೇಡ.

ನಂಬರ್ ಕಥೆ ಮಜವಾಗಿದೆ. ಮೋಟೊ3ಯಲ್ಲಿ ಅವನದು 37. ಮೋಟೊ2ಗೆ ಹೋದರೆ ಅದೇ ಟೀಮಿನ ಅಗಸ್ಟೊ ಫೆರ್ನಾಂಡೆಸ್ ಆಗಲೇ 37 ಇಟ್ಟುಕೊಂಡಿದ್ದ, ಇವನು 51 ಹಾಕಿಕೊಂಡ. ಫೆರ್ನಾಂಡೆಸ್ ಮೋಟೊಜಿಪಿಗೆ ಹೋದ ಮೇಲೆ 2023ರಲ್ಲಿ 37 ವಾಪಸ್ ಸಿಕ್ಕಿತು. ಮರುವರ್ಷ ಮೋಟೊಜಿಪಿಗೆ ಬಂದು ನೋಡಿದರೆ ಅಲ್ಲೂ ಅದೇ ಫೆರ್ನಾಂಡೆಸ್, ಅದೂ ಅದೇ ಟೀಮಿನಲ್ಲಿ! ಹಾಗಾಗಿ 31. ಫೆರ್ನಾಂಡೆಸ್ ಸೀಟು ಬಿಟ್ಟ ಮೇಲೆ, 2025ರಲ್ಲಿ, ಮತ್ತೆ 37.