ತಲೆಯೋ ಬಾಲವೋ: ವಾಗ್ದಾನದ ಚೀಟಿಯ ಕುರಿತು

ಕರ್ತನಲ್ಲಿ ಪ್ರಿಯ ಸಹೋದರಿಯವರೇ,

ಹೊಸ ವರ್ಷದ ಆರಾಧನೆಯಲ್ಲಿ ನಿಮಗೆ ಸಿಕ್ಕಿದ, ವರ್ಷಕ್ಕೊಂದು ಬೈಬಲ್ ವಚನ ಬರೆದುಕೊಡುವ ವಾಗ್ದಾನದ ಚೀಟಿಯಲ್ಲಿ, ಯೆಹೋವನು ನಿಮ್ಮನ್ನು ಬಾಲವಲ್ಲ, ತಲೆಯನ್ನಾಗಿ ಮಾಡುವನೆಂಬ ಧರ್ಮೋಪದೇಶಕಾಂಡ 28:13ರ ಮಾತಿತ್ತೆಂದೂ, ವರ್ಷವಿಡೀ ಅದನ್ನೇ ಹಿಡಿದು ಪ್ರಾರ್ಥಿಸಿದರೂ ಮನೆಯವರ ವ್ಯಾಪಾರ ಕುಸಿಯಿತೆಂದೂ ಬರೆದು, ಒಡಂಬಡಿಕೆಯನ್ನು (ದೇವರು ತನ್ನ ಜನರೊಡನೆ ಮಾಡಿಕೊಂಡ ಒಪ್ಪಂದವನ್ನು) ಮುರಿದವರು ನಾವೋ ದೇವರೋ ಎಂದು ಕೇಳಿದ್ದೀರಿ. ಇಬ್ಬರೂ ಅಲ್ಲ ಎಂಬುದು ನಮ್ಮ ಉತ್ತರ.

ಆ ಅಧ್ಯಾಯದಲ್ಲಿ ಆಶೀರ್ವಾದಗಳಿಗೆ 14 ವಚನಗಳು, ಶಾಪಗಳಿಗೆ 54. (ಚೀಟಿ ಬರೆಯುವವರು ಹದಿನಾಲ್ಕನ್ನು ದಾಟುವುದೇ ಇಲ್ಲ.) ಎರಡು ಭಾಗಗಳೂ ಮೋಶೆಯ ಮುಖಾಂತರ ಇಸ್ರಾಯೇಲ್ ಜನಾಂಗದೊಡನೆ ಆದ ಒಡಂಬಡಿಕೆಗೆ ಸೇರಿದವು, ಮಳೆ, ಬೆಳೆ, ದನಕುರಿ, ಶತ್ರುಗಳ ಮೇಲಿನ ಜಯ ಎಲ್ಲವನ್ನೂ ಕಾನಾನಿನಲ್ಲಿ ನೆಲೆಸಲಿದ್ದ ಒಂದು ಜನಾಂಗಕ್ಕೆ, ವಿಧೇಯತೆಯ ಷರತ್ತಿನ ಮೇಲೆ ಹೇಳಲಾಗಿತ್ತು. ಮೋಶೆಗೆ ಧರ್ಮಶಾಸ್ತ್ರ ಸಿಕ್ಕ ಸಿನಾಯಿ ಬೆಟ್ಟದಲ್ಲೂ ಜನರು ಕೈಕೊಂಡು ನಡೆಯುತ್ತೇವೆಂದು ಒಪ್ಪಿದ ಮೇಲೆಯೇ ಮೋಶೆ ಅವರ ಮೇಲೆ ಒಡಂಬಡಿಕೆಯ ರಕ್ತವನ್ನು ಪ್ರೋಕ್ಷಿಸಿದನು.

ದೇವರು ಅಬ್ರಾಮನಿಗೆ (ಮುಂದೆ ಅಬ್ರಹಾಮನೆನಿಸಿದವನಿಗೆ) ಸಂತತಿಯನ್ನೂ ದೇಶವನ್ನೂ ವಾಗ್ದಾನ ಮಾಡಿದ ಆದಿಕಾಂಡ 15ರ ಒಡಂಬಡಿಕೆಯ ಬಗೆಯೇ ಬೇರೆ. ಮೂರು ವರ್ಷದ ಕಡಸು, ಆಡು, ಟಗರುಗಳನ್ನು ಕಡಿದು ಹೋಳುಗಳನ್ನು ಎದುರುಬದುರಾಗಿಟ್ಟ ಅಬ್ರಾಮನು ಎರಗಿ ಬಂದ ಹದ್ದುಗಳನ್ನು ಓಡಿಸುತ್ತಾನೆ. ಹೊತ್ತು ಮುಳುಗುವಾಗ ಅವನಿಗೆ ಗಾಢನಿದ್ರೆ ಹತ್ತುತ್ತದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಆ ಹೋಳುಗಳ ನಡುವೆ ಹಾದುಹೋಗುತ್ತವೆ. ಹಾಗೆ ಹಾದುಹೋಗುವವನು ಮಾತು ತಪ್ಪಿದರೆ ತನಗೂ ಅದೇ ಗತಿಯೆಂದು ಒಪ್ಪಿಕೊಂಡಂತೆ ಎಂಬುದನ್ನು ಯೆರೆಮೀಯ 34:18ರಿಂದ ತಿಳಿಯಬಹುದು. ಅಬ್ರಾಮನು ಹಾದುಹೋಗಲಿಲ್ಲ, ಆಣೆಯ ಭಾರವನ್ನು ದೇವರೊಬ್ಬನೇ ಹೊತ್ತನು.

ಈ ವಾಗ್ದಾನವನ್ನು 430 ವರ್ಷಗಳ ನಂತರ ಬಂದ ಧರ್ಮಶಾಸ್ತ್ರ ರದ್ದುಮಾಡಲಾರದೆಂದು ಪೌಲನು ಗಲಾತ್ಯದವರಿಗೆ ಬರೆಯುತ್ತಾನೆ. ಕ್ರಿಸ್ತನವರಾದ ಅನ್ಯಜನರು (ಇಸ್ರಾಯೇಲರಲ್ಲದವರು) ಅಬ್ರಹಾಮನ ಸಂತತಿಯೆನಿಸಿಕೊಳ್ಳುವುದು ಇದರ ಮೂಲಕವೇ ಹೊರತು ಸಿನಾಯಿಯ ಷರತ್ತುಗಳ ಮೂಲಕವಲ್ಲ. ಹಾಗೆಂದು ಇಸ್ರಾಯೇಲರನ್ನು ತಳ್ಳಿಹಾಕಿ ಆ ಜಾಗದಲ್ಲಿ ನಮ್ಮನ್ನು ಕೂರಿಸಲಾಗಿದೆ ಎಂಬ ಬೋಧನೆಯನ್ನು ನಾವು ಒಪ್ಪುವುದಿಲ್ಲ. ಯೆರೆಮೀಯನು ಹೇಳಿದ ಹೊಸ ಒಡಂಬಡಿಕೆಯೂ ಮೊದಲು ಇಸ್ರಾಯೇಲ್ ಮತ್ತು ಯೆಹೂದ ವಂಶಗಳೊಂದಿಗಿನದೇ. ನಾವು ಕಸಿಕಟ್ಟಿಸಿಕೊಂಡ ಕಾಡೆಣ್ಣೆಮರದ ಕೊಂಬೆಗಳು, ಬೇರನ್ನು ಹೊತ್ತವರಲ್ಲ (ರೋಮಾಪುರ 11).

ಆ ಹೊಸ ಒಡಂಬಡಿಕೆಯಲ್ಲಿ ನಿಮಗೆ ಖಚಿತವಾಗಿ ಸಿಕ್ಕಿರುವುದು ಪಾಪಕ್ಷಮೆ ಮತ್ತು ಹೃದಯದಲ್ಲಿ ಬರೆದ ಧರ್ಮೋಪದೇಶ. ವ್ಯಾಪಾರದ ಲಾಭ ಅದರಲ್ಲಿ ಸೇರಿಲ್ಲ. ಹಸಿವು, ಬಾಯಾರಿಕೆ, ಚಳಿಗಳನ್ನು ಸಹಿಸಿದೆನೆಂದು ಬರೆದ ಪೌಲನು ಒಡಂಬಡಿಕೆಯ ಹೊರಗಿದ್ದವನಲ್ಲ. ವ್ಯಾಪಾರ ಚೇತರಿಸಲೆಂದು ಪ್ರಾರ್ಥಿಸುವುದರಲ್ಲಿ ತಪ್ಪೇನೂ ಇಲ್ಲ. ಅನುದಿನದ ಆಹಾರವನ್ನು ಬೇಡಲು ಕರ್ತನೇ ಕಲಿಸಿದ್ದಾನೆ. ಆದರೆ ಈ ನಷ್ಟ ನಿಮ್ಮ ಮನೆಯ ಮೇಲಿನ ಶಾಪವೆಂದು ಯಾರಾದರೂ ಬಂದು ಹೇಳಿದರೆ, ಕ್ರಿಸ್ತನು ನಮ್ಮನ್ನು ಧರ್ಮಶಾಸ್ತ್ರದ ಶಾಪದಿಂದ ಬಿಡಿಸಿದನೆಂಬ ಗಲಾತ್ಯ 3:13ನ್ನು ತೆರೆದು ಅವರ ಕೈಗೇ ಕೊಟ್ಟು ಓದಿಸಿರಿ.

— ಸಂಪಾದಕರು