ಓದುಗರ ಪ್ರಶ್ನೆ: ಮೌಸ್ ಅಲ್ಲ, ಮೂಸ್

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಬೇಕರಿಗೆ ಹೋಗಿದ್ದೆವು. ಬೋರ್ಡಿನಲ್ಲಿ 'ಚಾಕಲೇಟ್ ಮೌಸ್' ಅಂತ ಬರೆದಿತ್ತು, ನಾನು ಹಾಗೇ ಕೇಳಿದೆ. ಮಗಳು 'ಅಪ್ಪಾ, ಅದು ಮೂಸ್' ಅಂದಳು. ಯಾವುದು ಸರಿ? ಹೂವನ್ನು ಮೂಸುತ್ತೇವಲ್ಲ, ಆ ಪದಕ್ಕೂ ಇದಕ್ಕೂ ನಂಟಿದೆಯಾ?
– ಒಬ್ಬ ಓದುಗರು, ಕಲಬುರಗಿ

ಉತ್ತರ: ಮಗಳು ಹೇಳಿದ್ದೇ ಸರಿ, ಆ ತಿನಿಸಿನ ಹೆಸರು ಮೂಸ್. ಮೌಸ್ ಅಂದರೆ ಇಂಗ್ಲಿಷಿನಲ್ಲಿ ಇಲಿ. ಇಂಗ್ಲಿಷಿನಲ್ಲಿ ಬರೆಯುವಾಗ ಅದಕ್ಕೆ ಒಂದು ಎಸ್ (mouse), ಇದಕ್ಕೆ ಎರಡು (mousse). ಬೋರ್ಡ್ ಬರೆದವರು ಕಂಡಂತೆ ಬರೆದರು, ನೀವು ಬರೆದಂತೆ ಓದಿದಿರಿ, ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ನಮ್ಮ 'ಮೂಸು' ಅಚ್ಚಗನ್ನಡದ್ದು, ಅದಕ್ಕೂ ಇದಕ್ಕೂ ನಂಟಿಲ್ಲ.

ಈ ಪದ ಫ್ರೆಂಚಿನದು. ಅರ್ಥ ನೊರೆ. ನಮ್ಮ ಕಡೆ ಬುರುಗು ಅಂತೀವಲ್ಲ, ಅದೇ. ಫ್ರೆಂಚರಿಗೆ ಸಾಬೂನಿನ ಬುರುಗೂ ಮೂಸ್, ಬಿಯರ್ ಗ್ಲಾಸಿನ ಮೇಲೆ ನಿಲ್ಲುವ ನೊರೆಯೂ ಮೂಸ್. ಕಟಿಂಗ್ ಅಂಗಡಿಯಲ್ಲಿ ಡಬ್ಬಿ ಒತ್ತಿ ಕೂದಲಿಗೆ ಹಚ್ಚುತ್ತಾರಲ್ಲ, ಅದರ ಹೆಸರೂ ಇದೇ. ನೊರೆಯಂತೆ ಹಗುರ ಇರುವುದರಿಂದ ತಿನಿಸಿಗೂ ಅದೇ ಹೆಸರು ಬಂತು. ಆಗತಾನೆ ಕರೆದ ಹಾಲಿಗೆ ನಾವು ನೊರೆಹಾಲು ಅನ್ನುತ್ತೇವೆ ಅಲ್ವಾ, ಹಾಗೇ. ಅಂದಹಾಗೆ ಮೂಸ್ ಅಂದರೆ ಸಿಹಿಯೇ ಆಗಬೇಕಿಲ್ಲ, ಮೀನಿನದ್ದೂ ಮಾಡುತ್ತಾರೆ.

ಫ್ರೆಂಚಿನಲ್ಲಿ ಇದೇ ಪದಕ್ಕೆ ಪಾಚಿ ಅನ್ನುವ ಅರ್ಥವೂ ಇದೆ. ಮಳೆಗಾಲದಲ್ಲಿ ಹಳೇ ಕೋಟೆ ಗೋಡೆಗಳ ಮೇಲೆ ಹಸಿರಾಗಿ, ಮೆತ್ತಗೆ ಹಬ್ಬುತ್ತದಲ್ಲ, ಅದು. ಆ ಪಾಚಿಯ ಪದ ಜರ್ಮನಿಕ್ ಮೂಲದ್ದು, ಇಂಗ್ಲಿಷಿನ 'ಮಾಸ್' ಅದರ ಬಳಗವೇ. ಪಾಚಿಯಿಂದಲೇ ನೊರೆಯ ಅರ್ಥ ಬೆಳೆಯಿತು ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಇನ್ನು ಕೆಲವರು ಜೇನು ಬೆರೆಸಿದ ಮದ್ಯಕ್ಕೆ ಲ್ಯಾಟಿನ್‌ನಲ್ಲಿದ್ದ 'ಮುಲ್ಸುಂ' ಅನ್ನುವ ಪದದ ಕಡೆ ಕೈ ತೋರಿಸುತ್ತಾರೆ. ನನಗೆ ಪಾಚಿಯ ಮಾತೇ ಹಿಡಿಸುತ್ತದೆ. ಎರಡೂ ಮೆತ್ತಗೆ, ಎರಡೂ ಮೇಲ್ಮೈ ಮೇಲೆ ಹರಡಿಕೊಳ್ಳುವಂಥವು.

ಪ್ರಶ್ನೆ: ಮೂಸ್‌ನಲ್ಲಿ ಮೊಟ್ಟೆ ಇರುತ್ತದಾ? ನಮ್ಮ ಮನೆಯಲ್ಲಿ ತಿನ್ನುವುದಿಲ್ಲ.
– ಒಬ್ಬ ಓದುಗರು, ಬೀದರ್

ಉತ್ತರ: ಹಳೇ ಫ್ರೆಂಚ್ ಪದ್ಧತಿಯಲ್ಲಿ ಇರುತ್ತದೆ, ಅದೂ ಹಸಿ ಮೊಟ್ಟೆ. ಬಿಳಿ ಭಾಗದಲ್ಲಿ ನೂರಕ್ಕೆ ಹೆಚ್ಚುಕಮ್ಮಿ 90 ಪಾಲು ನೀರು, ಉಳಿದದ್ದು ಬಹುಪಾಲು ಪ್ರೋಟೀನ್. ಜೋರಾಗಿ ಕಡೆದಾಗ ಆ ಪ್ರೋಟೀನ್ ಬಿಚ್ಚಿಕೊಂಡು ಗಾಳಿ ಗುಳ್ಳೆಗಳ ಸುತ್ತ ಬಲೆಯಂತೆ ನಿಲ್ಲುತ್ತದೆ. ಅದಕ್ಕೇ ಬುರುಗು ಏಳುವುದು. ಹಳದಿಯ ಕೊಬ್ಬು ಸ್ವಲ್ಪ ಸೇರಿದರೂ ಸರಿಯಾಗಿ ಏಳುವುದಿಲ್ಲ.

ಈಗ ಎಷ್ಟೋ ಬೇಕರಿಗಳಲ್ಲಿ ಬರೀ ಕ್ರೀಮ್ ಕಡೆದು ಮಾಡುತ್ತಾರೆ. ಆದರೆ 'ಮೊಟ್ಟೆ ಇಲ್ಲ' ಅಂದ ಮಾತ್ರಕ್ಕೆ ಸುಮ್ನೆ ನಂಬಬೇಡಿ. ಗಟ್ಟಿ ನಿಲ್ಲಲಿ ಅಂತ ಜೆಲಾಟಿನ್ ಹಾಕಿರಬಹುದು, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಅಗರ್ ಅಗರ್ ಆದರೆ ಕಡಲ ಪಾಚಿಯದು, ನಿಮಗೆ ನಡೆಯುತ್ತದೆ. ಅಂಗಡಿಯಲ್ಲಿ ಎರಡನ್ನೂ ಬಿಡಿಸಿ ಕೇಳಿ. ಮನೆಗೆ ತಂದ ಮೇಲೆ ನೇರ ಫ್ರಿಜ್‌ಗೆ ಇಡಿ, ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದಲ್ಲ, ಆ ಬಿಸಿಲಿಗೆ ಬುರುಗು ಜಾಸ್ತಿ ಹೊತ್ತು ನಿಲ್ಲುವುದಿಲ್ಲ.