ಸೀಸವಿಲ್ಲದ ಬೆಸುಗೆ ಬೇಗ ಬಿಡುತ್ತದೆಯೇ?

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ಇನ್ವರ್ಟರ್, ಯುಪಿಎಸ್ ರಿಪೇರಿ ಮಾಡುತ್ತೇನೆ. ಈಚಿನ ಬೋರ್ಡುಗಳಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ರಿಲೇ ಪಿನ್ನುಗಳ ಬೆಸುಗೆ ಬಿಟ್ಟುಕೊಂಡು ಬರುವುದು ಹೆಚ್ಚಾಗಿದೆ. ನೋಡಲು ಮಬ್ಬಾಗಿಯೂ ಇರುತ್ತದೆ. ಸೀಸ ತೆಗೆದದ್ದೇ ಇದಕ್ಕೆ ಕಾರಣವೇ? ಹಳೆಯ 60/40 (ಶೇ 60 ತವರ, ಶೇ 40 ಸೀಸ) ತಂತಿಯಿಂದ ಮೇಲೆ ಇನ್ನಷ್ಟು ಬೆಸುಗೆ ಹಾಕಿದರೆ ಸಾಕೇ?

ಉತ್ತರ: ಮಬ್ಬಾಗಿ ಕಾಣುವುದನ್ನು ದೋಷವೆಂದು ಭಾವಿಸಬೇಡಿ. ಶೇ 96.5 ತವರ, ಶೇ 3 ಬೆಳ್ಳಿ, ಶೇ 0.5 ತಾಮ್ರ ಇರುವ ಸಾಮಾನ್ಯ ಸೀಸರಹಿತ ಬೆಸುಗೆ ಆರುವಾಗ ಮೇಲ್ಮೈ ತರಿತರಿಯಾಗುವುದು ಸಹಜ. ಹೊಳೆದರೆ ಚೆನ್ನ, ಮಬ್ಬಾದರೆ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಎಂಬ ನಮ್ಮ ಹಳೆಯ ಕಣ್ಣಳತೆ ಇಲ್ಲಿ ನಡೆಯದು. ನೀವು ಹುಡುಕಬೇಕಾದದ್ದು ಪಿನ್ನಿನ ಸುತ್ತ ಉಂಗುರದಂತೆ ಬಿದ್ದ ಕೂದಲೆಳೆಯಷ್ಟು ಸಣ್ಣ ಬಿರುಕನ್ನು. ಬ್ಯಾಟರಿ ಬಿಚ್ಚಿ, ಕೆಪಾಸಿಟರ್‌ಗಳು ಖಾಲಿಯಾದ ಮೇಲೆ ಬೋರ್ಡನ್ನು ಓರೆ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತ, ಟ್ರಾನ್ಸ್‌ಫಾರ್ಮರನ್ನು ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿರಿ. ಬಿರುಕಿದ್ದಲ್ಲಿ ಬೆಸುಗೆ ನಿಂತಲ್ಲೇ ನಿಂತು ಪಿನ್ನು ಮಾತ್ರ ಅಲುಗುತ್ತದೆ.

ಈ ಬಿರುಕು ಸೀಸದ ಕಾಲದಲ್ಲೂ ಇತ್ತು. ಪಿಕ್ಚರ್ ಟ್ಯೂಬಿನ ಟಿವಿ ರಿಪೇರಿ ಮಾಡಿದವರಿಗೆ ಇಎಚ್‌ಟಿ (ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಪಿನ್ನುಗಳ ಡ್ರೈ ಸೋಲ್ಡರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ, ಮತ್ತು ಆ ಟಿವಿಗಳಲ್ಲಿ ಬಹುಪಾಲು ಸೀಸದ ಬೆಸುಗೆಯವೇ ಆಗಿದ್ದವು. ಲೋಡ್ ಏರಿದಾಗ ಪಿನ್ನು, ಬೋರ್ಡು, ಬೆಸುಗೆ ಮೂರೂ ಹಿಗ್ಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಆ ವ್ಯತ್ಯಾಸವನ್ನು ಮೂರರಲ್ಲಿ ಮೆದುವಾದ ಬೆಸುಗೆಯೇ ತಾಳಿಕೊಳ್ಳಬೇಕು. ಸೀಸ-ತವರದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗತೊಡಗಿದರೆ ಸೀಸರಹಿತವು 217ಕ್ಕೆ ಕರಗತೊಡಗುತ್ತದೆ. ಮೈನಸ್ 273 ಡಿಗ್ರಿಯಿಂದ ಎಣಿಸುವ ಕೆಲ್ವಿನ್ ಲೆಕ್ಕದಲ್ಲಿ ನೋಡಿದರೆ ನಮ್ಮ ಕೋಣೆಯ ಉಷ್ಣತೆಯೇ ಈ ಕರಗುವ ಬಿಂದುವಿನ ಶೇ 60 ದಾಟಿರುತ್ತದೆ, ಆದ್ದರಿಂದ ಯಾವ ಬೆಸುಗೆಯಾದರೂ ಒತ್ತಡವಿದ್ದಷ್ಟು ಹೊತ್ತು ನಿಧಾನವಾಗಿ ಜರುಗುತ್ತಲೇ ಇರುತ್ತದೆ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ, ಗಾಳಿಯಾಡದ ಮೆಟ್ಟಿಲ ಕೆಳಗಿಟ್ಟ ಇನ್ವರ್ಟರಿನಲ್ಲಿ ಈ ಕಾಯುವಿಕೆ-ಆರುವಿಕೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ನಡೆಯುತ್ತದೆ. ಒಂದೇ ಬದಿಗೆ ತಾಮ್ರವಿರುವ ಅಗ್ಗದ ಬೋರ್ಡುಗಳಲ್ಲಿ ರಂಧ್ರದ ಒಳಗೆ ಬೆಸುಗೆಯ ಆಸರೆ ಇರದ ಕಾರಣ ಭಾರದ ಬಿಡಿಭಾಗಗಳ ಪಿನ್ನುಗಳೇ ಮೊದಲು ಬಿಡುತ್ತವೆ.

ಹಾಗೆಂದು ಎರಡೂ ಬೆಸುಗೆಗಳು ಸಮಾನವೆಂದು ನಾನು ಹೇಳುತ್ತಿಲ್ಲ. ಉಷ್ಣತೆಯ ಏರಿಳಿತ ಮಿತವಾಗಿದ್ದರೆ ಸೀಸರಹಿತವು ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ. ಏರಿಳಿತ ತೀವ್ರವಾಗಿದ್ದು ದೊಡ್ಡ ಸೆರಾಮಿಕ್ ಬಿಡಿಭಾಗಗಳಿದ್ದರೆ ಸೀಸದ್ದು ಮೇಲಾಗಬಹುದು. ಉಪಕರಣ ಕೈಜಾರಿ ಬಿದ್ದಾಗಲೂ ಗಡುಸಾದ ಸೀಸರಹಿತ ಬೆಸುಗೆಯೇ ಬೇಗ ಸೀಳುತ್ತದೆ. ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಸೀಸವನ್ನು ನಿರ್ಬಂಧಿಸಿದ್ದು ಆರೋಗ್ಯ ಮತ್ತು ಪರಿಸರದ ಕಾರಣಕ್ಕೆ, ಬೆಸುಗೆ ಗಟ್ಟಿಯಾಗಲಿ ಎಂದಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಮೇಲೆ ಹಾಕಿದರೆ ಸಾಲದು. ಬಿರುಕಿನೊಳಗೆ ತುಕ್ಕಿನಂತಹ ಪದರ ಬೆಳೆದಿರುತ್ತದೆ. ಹಳೆಯದನ್ನು ಪಂಪು ಮತ್ತು ವಿಕ್‌ನಿಂದ (ಬೆಸುಗೆ ಹೀರುವ ತಾಮ್ರದ ಹೆಣಿಗೆ) ಪೂರ್ತಿ ಹೀರಿ, ಪಿನ್ನು ಕೆರೆದು, ಫ್ಲಕ್ಸ್ ಹಚ್ಚಿ ಹೊಸದಾಗಿ ಬೆಸೆಯಿರಿ. ಹೀಗೆ ತೆಗೆದ ಮೇಲೆ ಕೈಬೆಸುಗೆಗೆ 60/40 ತಾಳಿಕೆ ಬರುತ್ತದೆ, ಆದರೂ ಬೋರ್ಡಿನಲ್ಲಿದ್ದ ಸೀಸರಹಿತ ಜಾತಿಯ ತಂತಿಯೇ ಸಿಕ್ಕರೆ ಅದನ್ನೇ ಬಳಸುವುದು ಲೇಸು. ಐರನ್ನಿನ ಬಿಸಿ ಏರಿಸುವ ಬದಲು ಅಗಲ ತುದಿಯ ಬಿಟ್ ಹಾಕಿದರೆ ತಾಮ್ರದ ಹಾಳೆ ಏಳುವುದಿಲ್ಲ. ಮೊಬೈಲ್ ರಿಪೇರಿಯವರ 138 ಡಿಗ್ರಿಯ ಪೇಸ್ಟನ್ನು ಮಾತ್ರ 60/40 ಜೊತೆ ಬೆರೆಸಲೇಬೇಡಿ: ಅದರ ಬಿಸ್ಮತ್, ಸೀಸ ಮತ್ತು ತವರದೊಡನೆ ಸೇರಿದರೆ ಸುಮಾರು 96 ಡಿಗ್ರಿಗೇ ಕರಗುವ ಅಂಶ ಉಂಟಾಗುತ್ತದೆ, ಇನ್ವರ್ಟರಿನ ಕರೆಂಟನ್ನು ಸ್ವಿಚ್ ಮಾಡುವ ಮಾಸ್‌ಫೆಟ್ ಟ್ರಾನ್ಸಿಸ್ಟರ್‌ಗಳ ಪಕ್ಕ ಅಷ್ಟು ಬಿಸಿ ಅಪರೂಪವಲ್ಲ.

ಕೊನೆಗೆ, ಟ್ರಾನ್ಸ್‌ಫಾರ್ಮರಿನ ಬುಡಕ್ಕೆ ಸಿಲಿಕೋನ್ ಅಂಟು ಹಾಕಿ ಒಂದು ದಿನ ಒಣಗಲು ಬಿಡಿ. ಅದರ ಭಾರವನ್ನು ಪಿನ್ನುಗಳೇ ಹೊರಬೇಕಾಗಿಲ್ಲ.